ಹಸಿರು ದೀಪದ ಸುಳ್ಳು

"ಇನ್ನೊಂದು ಸಲ," ಎಂದಳು ಅವಳು, ಪರದೆಯಿಂದ ಕಣ್ಣೆತ್ತದೆ. "ಆ ಗೋಡೆಯಿಂದ ಈ ಗೋಡೆ ತನಕ. ಮಾಮೂಲಿಯಾಗಿ ನಡೀರಿ. ಕ್ಯಾಮೆರಾ ನೋಡ್ಬೇಡಿ."

ಅವನು ನಡೆದ.

"ಭುಜ ಬಿಗಿ ಹಿಡ್ಕೊಂಡಿದ್ದೀರ. ಸಡಿಲ ಬಿಡಿ. ಮತ್ತೆ ನಡೀರಿ."

ಅವನು ಭುಜ ಸಡಿಲ ಬಿಟ್ಟು ಮತ್ತೆ ನಡೆದ. ಅವಳಿಗೆ ಖುಷಿಯಾಯಿತು. ಬೆಳಗಿನಿಂದ ಬಂದ ವಾಲಂಟಿಯರುಗಳೆಲ್ಲ ಕ್ಯಾಮೆರಾ ಕಂಡೊಡನೆ ಮದುವೆ ಗಂಡಿನಂತೆ ನಡೆದಿದ್ದರು. ಈತ ಮಾತ್ರ ನೀರು ಹರಿದ ಹಾಗೆ ನಡೆಯುತ್ತಿದ್ದ. ತಲೆ ಅಲುಗದು, ಸೊಂಟ ಕುಲುಕದು. ಇಂಥ ನಡಿಗೆಯನ್ನು ಅವಳು ಆ ಪರದೆಯ ಮೇಲೆ ಹಿಂದೆಂದೂ ಕಂಡಿರಲಿಲ್ಲ.

"ಕೊನೇ ಸಲ, ಪ್ಲೀಸ್."

"ಮೇಡಂ, ಎಷ್ಟು ಸಲ ಬೇಕಾದ್ರೂ ನಡೀತೀನಿ. ಆದ್ರೆ ಗಾಜು ಹೊರಗಡೆ ಒಂದೇ ನಿಂತಿದೆ. ಯಾವ ಕಿಟಕಿಗೆ ಅಂತ ಹೇಳಿದ್ರೆ ಅದನ್ನ ಕೂರಿಸಿ ಬಂದು ಸಾಯಂಕಾಲದ ತನಕ ನಡೀತೀನಿ."

ಆಗ ಅವಳು ತಲೆಯೆತ್ತಿದಳು. ನೀಲಿ ಕೆಲಸದಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್, ಎರಡು ಬೆರಳಿಗೆ ಬ್ಯಾಂಡೇಜು. ತುಟಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು.

"ನೀವು ವಾಲಂಟಿಯರ್ ಅಲ್ವಾ?"

"ಗಾಜಿನವನು."

"ಮೊದ್ಲೇ ಬಾಯಿಬಿಟ್ಟು ಹೇಳ್ಬಾರದಾ?"

"ನಡೀರಿ ಅಂದ್ರಿ, ನಡೆದೆ. ದೊಡ್ಡ ಆಫೀಸುಗಳಲ್ಲಿ ಒಳಗೆ ಬಿಡೋಕೆ ಮುಂಚೆ ಏನೇನೋ ಮಾಡಿಸ್ತಾರೆ. ಇಲ್ಲಿ ನಡೆಸ್ತಾರೇನೋ ಅಂದ್ಕೊಂಡೆ."

ಅವಳ ಕಿವಿ ಕೆಂಪಾಯಿತು. ನಗು ತಡೆಯಲು ತುಟಿ ಕಚ್ಚಿದಳು. ತಡೆಯಲಾಗಲಿಲ್ಲ.

*

ನಡಿಗೆಯಿಂದಲೇ ಜನರನ್ನು ಗುರುತು ಹಿಡಿಯುವ ಬಾಗಿಲನ್ನು ತಯಾರಿಸುವುದು ಆ ಲ್ಯಾಬಿನ ಕೆಲಸ. ಬೆರಳಚ್ಚಿಗೆ ಬೆರಳು ಒತ್ತಬೇಕು, ಕಣ್ಣಿನ ಗುರುತಿಗೆ ಕಣ್ಣು ಒಡ್ಡಿ ನಿಲ್ಲಬೇಕು, ಮುಖಕ್ಕೆ ಮುಸುಕು ತೆಗೆಯಬೇಕು. ನಡಿಗೆಗೆ ಅದೇನೂ ಬೇಕಾಗಿಲ್ಲ. ಕಾರಿಡಾರಿನಲ್ಲಿ ನಡೆದು ಬಂದರೆ ಸಾಕು, ಬಾಗಿಲ ಮೇಲೆ ಹಸಿರು ದೀಪ ಹತ್ತಿ ಬಾಗಿಲು ತೆರೆದುಕೊಳ್ಳುತ್ತದೆ. ಅವಳು ಅಲ್ಲಿ ಟೆಕ್ನಿಷಿಯನ್. ಜನರನ್ನು ನಡೆಸುವುದು, ಅಳೆಯುವುದು, ಮಷೀನಿಗೆ ಕಲಿಸುವುದು ಅವಳ ಪಾಲಿನ ಕೆಲಸ.

ಕಿಟಕಿಯ ಚೌಕಟ್ಟಿಗೆ ಗಾಜು ಕೂರಿಸುತ್ತಲೇ ಅವನು ಒಂದೊಂದಾಗಿ ಕೇಳಿದ. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಅಲ್ಲಿ ಕಪ್ಪು ಹಿನ್ನೆಲೆಯಲ್ಲಿ ಕೆಲವು ಚುಕ್ಕೆ, ಅವುಗಳ ನಡುವೆ ಗೆರೆ. ಕಣಕಾಲು, ಮಂಡಿ, ಸೊಂಟ, ಭುಜ, ಮೊಣಕೈ. ಗೆರೆಗಳ ಒಬ್ಬ ಮನುಷ್ಯ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ.

"ಇದು ನಾನಾ? ಇಷ್ಟು ಸಣ್ಣಗಾಗಿದ್ದೀನಾ? ಮುಖಾನೇ ಇಲ್ವಲ್ಲ ಮೇಡಂ."

"ಮುಖ ಅದಕ್ಕೆ ಬೇಡ. ಹೆಜ್ಜೆ ಎಷ್ಟು ಉದ್ದ, ಮಂಡಿ ಎಷ್ಟು ಬಾಗುತ್ತೆ, ಕೈ ಎಷ್ಟು ಬೀಸ್ತೀರ, ಎಲ್ಲ ಲೆಕ್ಕ ಹಾಕಿ ಇಟ್ಕೊಳ್ಳುತ್ತೆ. ಮುಂದಿನ ಸಲ ಬಂದಾಗ ಹೋಲಿಸಿ ನೋಡುತ್ತೆ. ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಒಪ್ಪಿಕೊಳ್ಳುತ್ತೆ. ಜಾಸ್ತಿ ವ್ಯತ್ಯಾಸ ಕಂಡ್ರೆ ‘ಇವರು ಅವರಲ್ಲ’ ಅಂತ ಕೆಂಪು ದೀಪ ಹಾಕುತ್ತೆ."

ಗಾಜಿನ ಅಂಚಿಗೆ ಪುಟ್ಟಿ ಒತ್ತುತ್ತಿದ್ದ ಅವನ ಹೆಬ್ಬೆರಳು ನಿಂತಿತು.

"ನಡಿಗೆ ಬದಲಾದ್ರೆ ನಮ್ಮ ಕಣ್ಣಿಗೆ ಕಾಣೋಕೆ ಮುಂಚೆನೇ ಅದಕ್ಕೆ ಕಾಣುತ್ತಾ?"

"ಎಷ್ಟೋ ಮುಂಚೆ," ಎಂದಳು ಅವಳು, ಹೆಮ್ಮೆಯಿಂದ.

"ಹಾಗಾದ್ರೆ ನನ್ನನ್ನೂ ಸೇರಿಸ್ಕೊಳ್ಳಿ. ಒಂದು ಸಲ ಅಲ್ಲ. ವಾರವಾರ ಬರ್ತೀನಿ."

ಅದೊಂದು ನೆಪ ಎಂದುಕೊಂಡಳು ಅವಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ನೆಪ ಅವಳಿಗೆ ಹಿತವಾಗಿಯೇ ಇತ್ತು. ವರ್ಷಗಟ್ಟಲೆ ಬರುವ ವಾಲಂಟಿಯರ್ ಒಬ್ಬ ಸಿಕ್ಕರೆ ಬಿಡಬಾರದೆಂದು ಲ್ಯಾಬಿನ ಸಾರ್ ಕೂಡ ಹೇಳುತ್ತಿದ್ದರು. ಆ ಮಾತನ್ನು ಅವಳು ಆವತ್ತು ತುಂಬಾ ವಿಧೇಯಳಾಗಿ ಪಾಲಿಸಿದಳು.

*

ಶುಕ್ರವಾರಗಳು ಬದಲಾದವು. ಗುರುವಾರವೇ ಅವಳು ತಲೆಗೆ ಸ್ನಾನ ಮಾಡತೊಡಗಿದಳು. "ನಾಳೆ ಏನಾದ್ರೂ ಮೀಟಿಂಗಾ?" ಎಂದು ಅಮ್ಮ ಕೇಳಿದರೆ, "ಹೂಂ, ತಿಂಗಳ ರಿಪೋರ್ಟು," ಎನ್ನುತ್ತಿದ್ದಳು. ತಿಂಗಳ ರಿಪೋರ್ಟು ವಾರವಾರ ಹೇಗೆ ಬರುತ್ತದೆ ಎಂದು ಅಮ್ಮ ಕೇಳಲಿಲ್ಲ.

ಪ್ರತಿ ಶುಕ್ರವಾರ ಅವನು ಕೆಲಸ ಮುಗಿಸಿಕೊಂಡು ಬರುತ್ತಿದ್ದ. ಕಾರಿಡಾರಿನಲ್ಲಿ ನಡೆದು ಬಾಗಿಲ ಮುಂದೆ ನಿಂತು, ಹಸಿರು ದೀಪ ಹತ್ತಿದೊಡನೆ ಅವಳ ಕಡೆ ಬಗ್ಗಿ ಕೇಳುತ್ತಿದ್ದ.

"ಇವತ್ತೂ ನಾನೇನಾ?"

"ನೀವೇ. ಬೇರೆ ಯಾರಿಗಿದೆ ಇಷ್ಟು ಕೊಬ್ಬು?"

ಕೇಳುವಾಗ ಅವನ ದನಿಯಲ್ಲಿ ತಮಾಷೆಯಿತ್ತು. ಉತ್ತರ ಬರುವ ತನಕ ಮಾತ್ರ ಅವನು ಉಸಿರು ಹಿಡಿದಿರುತ್ತಿದ್ದ. ಅದು ತನಗಾಗಿ ಎಂದು ಅವಳು ಭಾವಿಸಿದ್ದಳು.

ಆಮೇಲೆ ಇಬ್ಬರೂ ಬಸ್ ಸ್ಟಾಪಿನ ತನಕ ನಡೆಯುತ್ತಿದ್ದರು. ಅವನಿಗೆ ಊರೆಂದರೆ ಕಿಟಕಿಗಳು. "ಆ ಮೂಲೆ ಬಿಲ್ಡಿಂಗಿನ ಮೇಲಿನ ಸಾಲು ಪೂರ್ತಿ ನಂದೇ," ಎನ್ನುವನು. ಗಾಜು ಹೊತ್ತು ಏಣಿ ಹತ್ತುವಾಗ ಹೇಗಿರುತ್ತದೆ ಎಂದು ಅವಳು ಕೇಳಿದಳು.

"ಗಾಳಿ ಬಂದು ಮಾತಾಡಿಸುತ್ತೆ. ಉತ್ತರ ಕೊಡಬಾರದು. ಸುಮ್ಮನೆ ನಡೀತಿರಬೇಕು."

"ನನ್ನ ಹತ್ತಿರ ಮಾತ್ರ ಎಲ್ಲದಕ್ಕೂ ಉತ್ತರ ಕೊಡ್ತೀರ."

"ನೀವು ಬೀಸಿದ್ರೆ ಕೈಯಲ್ಲಿರೋದು ಬಿದ್ದರೂ ಪರವಾಗಿಲ್ಲ ಅನ್ಸುತ್ತೆ."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಬಸ್ ಬರುವ ತನಕ ಈ ಕಡೆ ತಿರುಗಲಿಲ್ಲ.

ಒಂದು ದಿನ ಅವನು ಹಟ ಹಿಡಿದು ಅವಳನ್ನೇ ನಡೆಸಿದ. ತಾನು ಅವಳ ಕುರ್ಚಿಯಲ್ಲಿ ಕುಳಿತು, ಅವಳದೇ ದನಿ ಅನುಕರಿಸಿ, "ಭುಜ ಸಡಿಲ ಬಿಡಿ, ಕ್ಯಾಮೆರಾ ನೋಡ್ಬೇಡಿ," ಎಂದ. ಅವಳು ಮುಖ ಊದಿಸಿಕೊಂಡು ನಡೆದಳು. ಪರದೆಯ ಮೇಲೆ ಗೆರೆಗಳ ಹುಡುಗಿಯೊಬ್ಬಳು ದಾಪುಗಾಲು ಹಾಕಿದಳು.

"ನಿಮ್ಮ ಎಡಗಾಲಿಗೆ ಕೋಪ ಜಾಸ್ತಿ ಮೇಡಂ. ಬಲಗಾಲು ಪಾಪ, ಅದನ್ನ ಸಮಾಧಾನ ಮಾಡ್ಕೊಂಡು ಹಿಂದೆ ಹಿಂದೆ ಬರುತ್ತೆ."

"ನೀವು ಬಲಗಾಲಿನ ಪಾರ್ಟೀನಾ?"

"ನಾನು ಯಾವಾಗ್ಲೂ ಹಿಂದೆ ಬರೋರ ಪಾರ್ಟಿ."

ಅವನು ಹೊರಡುವಾಗ ಅವಳು ಕಿಟಕಿಯ ಕಡೆ ತಿರುಗಿ ನಿಂತು, ಗಾಜಿನಲ್ಲಿ ಮೂಡಿದ ಅವನ ಬಿಂಬವನ್ನು ನೋಡುತ್ತಿದ್ದಳು. ಬಿಂಬ ನಕ್ಕಿತು.

"ಗಾಜಿನ ಕೆಲಸದವರನ್ನ ಕದ್ದು ನೋಡ್ಬಾರದು ಮೇಡಂ. ನಮಗೆ ಎರಡೂ ಕಡೆ ಕಾಣುತ್ತೆ."

*

ಹಾಗೆ ಚಳಿಗಾಲ ಕಳೆಯಿತು. ಬಿಸಿಲು ಏರತೊಡಗಿದ ಒಂದು ಶುಕ್ರವಾರ ಅವನು ಎಂದಿನಂತೆ ನಡೆದು ಬಂದ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

"ಬೂಟು ಹೊಸದಾ?" ಎಂದಳು ಅವಳು ನಗುತ್ತ.

"ಹಳೇದೇ."

"ಬಿಚ್ಚಿ ನಡೀರಿ ನೋಡೋಣ."

ಕೆಂಪು. ಜೇಬು ಖಾಲಿ ಮಾಡಿಸಿದಳು. ಅಳತೆ ಟೇಪು, ಪೆನ್ಸಿಲ್, ಗಾಜು ಕೊಯ್ಯುವ ಉಳಿ ಮೇಜಿನ ಮೇಲೆ ಬಂದವು. ಮತ್ತೆ ನಡೆದ. ಕೆಂಪು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅದನ್ನು ಕಂಡು ಅವಳ ನಗು ಒಣಗಿತು.

"ಕ್ಯಾಮೆರಾ ಕೈಕೊಟ್ಟಿದೆ," ಎಂದಳು ಅವಸರವಾಗಿ. "ಇವತ್ತು ಯಾಕೋ ಹೀಗೆ ಆಡ್ತಿದೆ."

"ಕ್ಯಾಮೆರಾನೇ ತಾನೇ? ಖಂಡಿತ?"

"ಖಂಡಿತ."

ಅವಳು ಅದನ್ನು ನಂಬಿಯೇ ಹೇಳಿದ್ದಳು. ಆದರೆ ಮಾರನೆಯ ದಿನ ಅದೇ ಕ್ಯಾಮೆರಾ ಅವಳನ್ನು ಗುರುತಿಸಿತು, ಸಾರನ್ನು ಗುರುತಿಸಿತು, ಗೇಟಿನ ಸೆಕ್ಯುರಿಟಿಯವನನ್ನೂ ಗುರುತಿಸಿತು. ಅವನ ಹಳೆಯ ನಡಿಗೆಯ ಮೇಲೆ ಹೊಸ ನಡಿಗೆಯನ್ನಿಟ್ಟು ನೋಡಿದಳು. ಬಲಗೈ ಮೊದಲಿನಷ್ಟು ಬೀಸುತ್ತಿರಲಿಲ್ಲ. ಬಲಪಾದದ ತುದಿ ನೆಲದಿಂದ ಸರಿಯಾಗಿ ಏಳುತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ಕಡಿಮೆ. ಮಷೀನಿಗೆ ಮಾತ್ರ ಕಾಣುವಷ್ಟು.

"ಜನರ ನಡಿಗೆ ಬದಲಾಗ್ತಾನೇ ಇರುತ್ತಮ್ಮ," ಎಂದರು ಸಾರ್, ಅವಳ ಹಿಂದಿನಿಂದ ಇಣುಕಿ. "ಮಂಡಿ ನೋಯುತ್ತೆ, ತೂಕ ಏರುತ್ತೆ. ಹೊಸ ಅಳತೆ ಸೇರಿಸಿಬಿಡು. ಮಷೀನೂ ಕಲೀಬೇಕಲ್ಲ."

ಅವಳು ಸೇರಿಸಿದಳು. ಮುಂದಿನ ಶುಕ್ರವಾರ ಹಸಿರು ದೀಪ ಹತ್ತಿತು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಎದೆ ಏರಿಳಿಯುತ್ತಿತ್ತು.

"ಒಂದು ದೀಪಕ್ಕೆ ಇಷ್ಟೊಂದಾ?" ಎಂದಳು.

"ನಿಮಗೆ ಗೊತ್ತಿಲ್ಲ," ಎಂದ.

ಆ ಸಂಜೆ ಬಸ್ ಸ್ಟಾಪಿನ ಬೆಂಚಿನಲ್ಲಿ, ಬಂದ ಎರಡು ಬಸ್ಸುಗಳನ್ನೂ ಬಿಟ್ಟ ಮೇಲೆ ಅವನು ಹೇಳಿದ.

"ಹೋದ ವಾರವೇ ಹೇಳ್ಬೇಕು ಅಂತಿದ್ದೆ. ಕೆಂಪು ಬಂದುಬಿಡ್ತು. ನಿಮ್ಮನ್ನ ‘ನೀನು’ ಅಂತ ಕರೀಲಾ?"

"ಕರೀರಿ."

"‘ಕರಿ’ ಅನ್ನು."

"ಕರಿ," ಎಂದಳು ಅವಳು. ದನಿ ಎಷ್ಟು ಸಣ್ಣಗಿತ್ತೆಂದರೆ ಅವನು ಇನ್ನೊಂದು ಸಲ ಹೇಳಿಸಿದ. ಮೂರನೇ ಬಸ್ಸೂ ಹೋಯಿತು.

"ನಾಳೆ ನಮ್ಮನೆಗೆ ಬಾ. ನೋಡ್ಬೇಕಾದ್ದು ಒಂದಿದೆ. ನೋಡಿದ ಮೇಲೆ ನೀನು ಹೂಂ ಅಂದ್ರೆ, ಅದೇ ಹೂಂ. ಅಲ್ಲೀತನಕ ನಾನು ಏನೂ ಕೇಳಿಲ್ಲ ಅಂದ್ಕೊ."

*

ಮನೆ ಎರಡನೇ ಮಹಡಿಯಲ್ಲಿತ್ತು. ಚಿಕ್ಕ ಮನೆ, ಆದರೆ ಕಿಟಕಿಗಳು ದೊಡ್ಡವು. ಕಿಟಕಿಯ ಬದಿಯ ಮಂಚದಲ್ಲಿ ಅವನ ಅಣ್ಣ ಮಲಗಿದ್ದ. ತಲೆ ನಿಲ್ಲದೆ ಅತ್ತಿತ್ತ ಆಡುತ್ತಿತ್ತು, ಕೈಗಳು ತಮ್ಮಷ್ಟಕ್ಕೆ ತಾವು ಏಳುತ್ತಿದ್ದವು, ಬೀಳುತ್ತಿದ್ದವು. ಅತ್ತಿಗೆ ಒಂದು ಕೈಯಲ್ಲಿ ಅವನ ಗಲ್ಲ ಹಿಡಿದು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅಣ್ಣ ಏನೋ ಹೇಳಿದ. ಅದು ಮಾತಾಗಿರಲಿಲ್ಲ.

"‘ಕೂತ್ಕೋ’ ಅಂತಿದ್ದಾರೆ," ಎಂದಳು ಅತ್ತಿಗೆ.

ಅವನು ಅವಳನ್ನು ಬಾಲ್ಕನಿಗೆ ಕರೆದೊಯ್ದು ಬಾಗಿಲು ಎಳೆದುಕೊಂಡ.

"ಅಪ್ಪಂಗೂ ಇದೇ ಆಗಿತ್ತು. ರಕ್ತದಲ್ಲೇ ಬರೋ ಕಾಯಿಲೆ. ಮೊದಲು ನಡಿಗೆ ಹೋಗುತ್ತೆ, ಆಮೇಲೆ ಕೈ, ಆಮೇಲೆ ಮಾತು. ಅಣ್ಣಂಗೆ ಶುರುವಾಗಿದ್ದು ನನ್ನ ವಯಸ್ಸಿಗೇ. ನಡೀವಾಗ ಬಲಗೈ ಬೀಸೋದು ನಿಂತೋಗಿತ್ತು. ನಾವ್ಯಾರೂ ಗಮನಿಸಲೇ ಇಲ್ಲ."

ಅವಳು ಬಾಲ್ಕನಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

"ರಕ್ತ ಪರೀಕ್ಷೆ ಮಾಡಿಸ್ಬಹುದು. ಅದು ಬರುತ್ತೋ ಇಲ್ವೋ ಅಂತ ಒಂದೇ ಏಟಿಗೆ ಹೇಳಿಬಿಡುತ್ತೆ. ಅಷ್ಟು ಧೈರ್ಯ ನನಗಿಲ್ಲ. ಇಡೀ ಬದುಕಿನ ಮಾತು ಬೇಡ, ಇವತ್ತಿನ ಮಾತು ಗೊತ್ತಾದ್ರೆ ಸಾಕು ಅನ್ನಿಸ್ತಿತ್ತು. ಅಷ್ಟರಲ್ಲಿ ನೀನು ಸಿಕ್ಕಿದೆ, ನಿನ್ನ ಮಷೀನು ಸಿಗ್ತು. ಆ ಕೆಂಪು ದೀಪದ ವಾರ ನಾನು ಹೇಗೆ ಕಳೆದೆ ಅಂತ ನಂಗೇ ಗೊತ್ತು. ಈಗ ಹಸಿರು ಬಂದಿದೆ." ಅವನು ಅವಳತ್ತ ತಿರುಗಿದ. ಅಷ್ಟು ಹಗುರವಾದ ಮುಖವನ್ನು ಅವಳು ಅವನಲ್ಲಿ ಕಂಡಿರಲಿಲ್ಲ. "ಹಸಿರು ಇರೋ ತನಕ ನಾನು ನಾನೇ. ಈಗ ಹೇಳು."

ಮಾತು ಗಂಟಲ ತನಕ ಬಂತು. ಕ್ಯಾಮೆರಾ ಕೆಟ್ಟಿರಲಿಲ್ಲ ಎಂಬ ಒಂದೇ ಮಾತು. ಅವನ ಕಣ್ಣು ನೋಡಿದಳು. ಆ ಕಣ್ಣಿಗೆ ಆ ಮಾತನ್ನು ಹೇಗೆ ಹೇಳುವುದು? ನಾಳೆ ಹೇಳೋಣ, ಇವತ್ತೊಂದು ದಿನ ಹೀಗೇ ಇರಲಿ ಎಂದುಕೊಂಡಳು.

"ಹೂಂ," ಎಂದಳು.

ಅವನು ಅವಳ ಎರಡೂ ಅಂಗೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡ. ಅಂಗೈ ಒದ್ದೆಯಾಯಿತು.

*

ನಾಳೆ ಬಂತು. ಅವಳು ಹೇಳಲಿಲ್ಲ.

ಪ್ರತಿ ಶುಕ್ರವಾರ ಅವನು ಹೋದ ಮೇಲೆ ಆವತ್ತಿನ ನಡಿಗೆಯನ್ನೇ ಅವನ ಗುರುತಿಗೆ ಸೇರಿಸಿ, ಹಳೆಯದನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು. ಹೀಗಾಗಿ ಮಷೀನು ಅವನನ್ನು ಮೊದಲಿನ ಅವನೊಂದಿಗೆ ಹೋಲಿಸುತ್ತಲೇ ಇರಲಿಲ್ಲ. ಕಳೆದ ವಾರದ ಅವನೊಂದಿಗೆ ಹೋಲಿಸುತ್ತಿತ್ತು. ಒಂದು ವಾರದಲ್ಲಿ ಮನುಷ್ಯ ಎಷ್ಟು ಕಳೆದುಕೊಳ್ಳುತ್ತಾನೆ? ದೀಪ ಹಸಿರಾಗಿಯೇ ಉರಿಯಿತು.

"ಇವತ್ತೂ ನಾನೇನಾ?"

"ನೀನೇ."

ಅವರಿಬ್ಬರ ಅತ್ಯಂತ ಸುಖದ ದಿನಗಳೂ ಅವೇ ಆಗಿದ್ದವು. ಅವನು ಅವಳಿಗಾಗಿ ಬಣ್ಣದ ಗಾಜಿನ ತುಂಡುಗಳನ್ನು ತಂದು ಅವಳ ಕಣ್ಣಿಗೆ ಅಡ್ಡ ಹಿಡಿದು, "ನೋಡು, ಸಾರ್ ನೇರಳೆ ಆಗಿದ್ದಾರೆ," ಎಂದು ನಗಿಸುತ್ತಿದ್ದ. ಬಾಡಿಗೆ ಮನೆ ಹುಡುಕಲು ಹೋದಲ್ಲೆಲ್ಲ ಅವನು ಮೊದಲು ಕಿಟಕಿ ನೋಡುತ್ತಿದ್ದ. ಅವಳು ಮೆಟ್ಟಿಲು ನೋಡುತ್ತಿದ್ದಳು. ಮೆಟ್ಟಿಲಿದ್ದ ಮನೆಯೊಂದೂ ಅವಳಿಗೆ ಹಿಡಿಸಲಿಲ್ಲ. "ಎಷ್ಟು ಹುಳುಕು ಹುಡುಕ್ತೀಯಪ್ಪ," ಎಂದು ಅವನು ಕೀಟಲೆ ಮಾಡುತ್ತಿದ್ದ. ರಸ್ತೆಯಲ್ಲಿ ಅವಳು ಅವನ ಬಲಗೈಯನ್ನು ಬಿಡದೆ ಹಿಡಿದು ನಡೆಯುತ್ತಿದ್ದಳು. ಹಿಡಿದ ಕೈ ಬೀಸದಿದ್ದರೆ ಯಾರಿಗೂ ಏನೂ ಅನಿಸುವುದಿಲ್ಲ.

ಎಷ್ಟೋ ಸಲ ಬಾಯಿ ತೆರೆದಳು. ಒಂದು ಸಲ ಅವನೇ, "ಏನೋ ಹೇಳೋಕೆ ಬಂದೆ?" ಎಂದ. "ನಿನ್ನ ಕಾಲರ್ ಮಡಚಿಕೊಂಡಿದೆ," ಎಂದು ಸರಿ ಮಾಡಿದಳು.

*

ಅವನು ಬಂದದ್ದು ಒಂದು ಮಂಗಳವಾರ, ನಡುಮಧ್ಯಾಹ್ನ. ಕೂದಲಿನಲ್ಲಿ ಗಾಜಿನ ಪುಡಿ ಮಿನುಗುತ್ತಿತ್ತು. ಕಾರಿಡಾರಿನ ಹಸಿರು ದೀಪವನ್ನು ಅವನು ನೋಡಲೂ ಇಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು.

"ಮೇಡಂ," ಎಂದ.

ಆ ಒಂದು ಶಬ್ದಕ್ಕೇ ಅವಳಿಗೆ ಗೊತ್ತಾಯಿತು.

"ಮೇಲಿನ ಮಹಡಿಯಿಂದ ಒಂದು ದೊಡ್ಡ ಗಾಜು ಬಿತ್ತು ಇವತ್ತು. ಗಾಳಿ ಇರಲಿಲ್ಲ. ನನ್ನ ಕಾಲು ಹೊಸ್ತಿಲಿಗೆ ತಾಗ್ತು. ಕೆಳಗಡೆ ಒಬ್ಬಳು ತಾಯಿ ಮಗೂನ ಎತ್ಕೊಂಡು ಹೋಗ್ತಿದ್ಲು. ಅವಳ ಬೆನ್ನ ಹಿಂದೆಯೇ ಬಿತ್ತು. ಒಂದೇ ಒಂದು ಹೆಜ್ಜೆ. ಮಗು ನಗ್ತಿತ್ತು ಮೇಡಂ, ಸದ್ದು ಕೇಳಿ. ತಾಯಿ ಮಾತ್ರ ಅಲ್ಲೇ ಕುಸಿದು ಕೂತುಬಿಟ್ಲು."

"ನಿನಗೇನಾದ್ರೂ—"

"ನಾನು ಬಂದ ಮೊದಲನೇ ದಿನದ್ದು ಇದೆಯಾ? ತೋರಿಸಿ. ಹೋದ ಶುಕ್ರವಾರದ್ದೂ ತೋರಿಸಿ. ಎರಡೂ ಒಟ್ಟಿಗೆ."

ಅವಳು ಎರಡನ್ನೂ ತೆರೆದಳು. ಪರದೆಯ ಮೇಲೆ ಇಬ್ಬರು ಗೆರೆಯ ಮನುಷ್ಯರು ಅಕ್ಕಪಕ್ಕ ನಡೆದರು. ಒಬ್ಬ ಹರಿಯುವ ನೀರಿನಂತಿದ್ದ. ಇನ್ನೊಬ್ಬನ ಬಲಗೈ ದೇಹಕ್ಕೆ ಅಂಟಿಕೊಂಡಿತ್ತು, ಬಲಪಾದ ನೆಲ ಸವರುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ಬೆರಳಿಟ್ಟು ತೋರಿಸಿದ.

"ಇವನು ನಾನು." ಬೆರಳು ಸರಿಯಿತು. "ಇವನು ನಮ್ಮಣ್ಣ."

ಅವಳು ಅಳತೊಡಗಿದಳು. ಅವನು ತಡೆಯಲಿಲ್ಲ.

"ಯಾವಾಗಿಂದ ಗೊತ್ತು?"

"ನಡಿಗೆ ಬದಲಾಗಿದೆ ಅಂತ ಆ ಕೆಂಪು ದೀಪದ ಮಾರನೇ ದಿನವೇ ಗೊತ್ತಾಯ್ತು. ಅದು ಇದೇ ಅಂತ ನಿಮ್ಮನೆ ಬಾಲ್ಕನಿಯಲ್ಲಿ ಗೊತ್ತಾಯ್ತು."

"ಅಲ್ಲೇ ಹೇಳಿದ್ರೆ ನಾನು ಮತ್ತೆ ಏಣಿ ಹತ್ತುತ್ತಿರಲಿಲ್ಲ."

"ಹೇಳಿದ್ರೆ ನನ್ನ ಬಿಟ್ಟು ಹೋಗ್ತಿದ್ದೆ."

"ಹೌದು, ಹೋಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವನು ಕುರ್ಚಿಯ ಮೇಲೆ ಕುಳಿತ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ನನಗೆ ಎಲ್ಲರೂ ಸುಳ್ಳು ಹೇಳ್ತಾರೆ. ನಿಂಗೆ ಬರಲ್ಲಪ್ಪ ಅಂತಾರೆ ಅತ್ತಿಗೆ. ಚೆನ್ನಾಗಿ ನಡೀತಿದ್ದೀಯ ಅಂತಾರೆ ಜೊತೆ ಕೆಲಸದವರು. ಎಲ್ಲ ಪ್ರೀತಿಯಿಂದಲೇ. ಅದಕ್ಕೇ ಪ್ರೀತಿ ಅಂದ್ರೇನು ಅಂತ ಗೊತ್ತಿಲ್ಲದ ಒಂದು ಮಷೀನನ್ನ ನಂಬ್ಕೊಂಡು ಬಂದೆ. ಅದಕ್ಕೂ ನೀವು ಪ್ರೀತಿ ಕಲಿಸಿಬಿಟ್ರಿ."

ಅವನು ಎದ್ದು ಹೋದ. ಅವನು ಕುಳಿತಿದ್ದ ಕುರ್ಚಿಯ ಮೇಲೆ ಗಾಜಿನ ಪುಡಿ ಉದುರಿತ್ತು. ಅದನ್ನು ಒರೆಸುವಾಗ ಅವಳ ಬೆರಳು ಕೊಯ್ದುಕೊಂಡಿತು.

ಮಾರನೆಯ ದಿನ ಅವಳು ಸಾರ್ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು, "ಕ್ರಮದ ಪ್ರಕಾರ ನೀನು ಮಾಡಿದ್ದರಲ್ಲಿ ತಪ್ಪಿಲ್ಲವಲ್ಲಮ್ಮ," ಎಂದರು. "ಹೊಸ ಅಳತೆ ಸೇರಿಸು ಅಂದವನು ನಾನೇ. ಈ ಮಷೀನು ಮಾಡಿದ್ದು ಬಾಗಿಲು ತೆಗೆಯೋಕೆ. ಕಾಯಿಲೆ ಹೇಳೋಕಲ್ಲ." ಬೇಡಿದ ಶಿಕ್ಷೆಯೂ ಅವಳಿಗೆ ಸಿಗಲಿಲ್ಲ.

*

ಅವನು ಫೋನ್ ಎತ್ತಲಿಲ್ಲ. ಶುಕ್ರವಾರಗಳು ಬಂದು ಹೋದವು. ಕೊನೆಗೆ ಅವಳೇ ಅವನ ಮನೆಗೆ ಹೋದಳು. ಅವನಿರಲಿಲ್ಲ. ರಕ್ತ ಪರೀಕ್ಷೆಯ ಫಲಿತಾಂಶ ತರಲು ಆಸ್ಪತ್ರೆಗೆ ಹೋಗಿದ್ದ. ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. ಅವಳೂ ಕುಳಿತು ಮಡಚತೊಡಗಿದಳು.

"ಅವನಿಗೆ ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ. ಕೋಪ ಇದ್ದಿದ್ರೆ ಜಗಳ ಆಡೋಕಾದ್ರೂ ಬರ್ತಿದ್ದ."

"ನಾನು ಜೊತೆಗಿರ್ತೀನಿ ಅತ್ತಿಗೆ. ನೀವಿಲ್ವಾ?"

ಅತ್ತಿಗೆ ಗಂಡನ ಅಂಗಿಯ ತೋಳು ನೇವರಿಸಿದಳು. "ನನಗೆ ಗೊತ್ತಾಗಿದ್ದು ಮದುವೆ ಆದ್ಮೇಲೆ. ಕೆಲವು ದಿನ ಎಲ್ಲಿಗಾದ್ರೂ ಓಡಿಹೋಗಣ ಅನ್ಸುತ್ತೆ. ಕೆಲವು ದಿನ ಇವರು ನನ್ನ ಬೆರಳು ಹಿಡ್ಕೊಂಡ್ರೆ ಬಿಡಿಸ್ಕೊಳ್ಳೋಕೆ ಮನಸ್ಸು ಬರಲ್ಲ. ಇದನ್ನ ಕಷ್ಟ ಅನ್ನಲೋ ಸುಖ ಅನ್ನಲೋ, ನಂಗೇ ತಿಳಿದಿಲ್ಲ. ಆದ್ರೆ ಅವನು ಇದೇ ಮನೇಲಿದ್ದು ಎಲ್ಲ ನೋಡಿದವನು. ಅವನ ಕಣ್ಣಿಗೆ ಬೀಳೋದು ಕಷ್ಟ ಒಂದೇ."

ಮಂಚದ ಮೇಲಿನಿಂದ ಅಣ್ಣ ಏನೋ ಅಂದ.

"ಏನಂತೆ?" ಎಂದಳು ಅವಳು.

"ನೀನು ಅಳ್ತಿದ್ದೀಯಾ ಅಂತ ಕೇಳ್ತಿದ್ದಾರೆ."

*

ಫಲಿತಾಂಶ ಎಲ್ಲರೂ ಹೆದರಿದ್ದಂತೆಯೇ ಬಂದಿತ್ತು. ದೂರದ ಊರಿನ ಆಸ್ಪತ್ರೆಯೊಂದು ಅಣ್ಣತಮ್ಮಂದಿರಿಬ್ಬರನ್ನೂ ಸೇರಿಸಿಕೊಳ್ಳಲು ಒಪ್ಪಿತ್ತು. ಅಲ್ಲೇ ಹತ್ತಿರದಲ್ಲಿ ಅತ್ತಿಗೆಯ ತಂಗಿಯ ಮನೆ. ಹೊರಡುವ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿ, "ಸ್ಟೇಷನ್ನಿಗೆ ಬರ್ತೀಯಾ?" ಎಂದ. ಆ ‘ಬರ್ತೀಯಾ’ಗೆ ಅವಳು ಫೋನ್ ಎದೆಗೆ ಒತ್ತಿಕೊಂಡು ಅತ್ತಳು.

ಅತ್ತಿಗೆ ಮತ್ತು ಗಾಲಿಕುರ್ಚಿಯಲ್ಲಿದ್ದ ಅಣ್ಣ ಮೊದಲೇ ಬೋಗಿ ಹತ್ತಿಯಾಗಿತ್ತು. ಪ್ಲಾಟ್‌ಫಾರಂನ ಇನ್ನೊಂದು ತುದಿಯ ಬೆಂಚಿನಲ್ಲಿ ಅವನು ಕಾಯುತ್ತಿದ್ದ. ಶೇವ್ ಮಾಡಿಕೊಂಡಿದ್ದ, ಇಸ್ತ್ರಿ ಅಂಗಿ ಹಾಕಿದ್ದ. ಹೆಣ್ಣು ನೋಡಲು ಬಂದವನಂತೆ ಕಾಣುತ್ತಿದ್ದ.

"ನಾನೂ ಬರ್ತೀನಿ," ಎಂದಳು ಅವಳು, ಕೂರುವ ಮುಂಚೆಯೇ. "ಬಟ್ಟೆಬರೆ ಆಮೇಲೆ ತರಿಸ್ಕೊಳ್ತೀನಿ. ಅಮ್ಮಂಗೆ ಹೇಳೇ ಬಂದಿದ್ದೀನಿ."

"ಅಮ್ಮ ಏನಂದ್ರು?"

"ಅತ್ತರು. ಆಮೇಲೆ ಊಟ ಮಾಡಿ ಹೋಗು ಅಂದ್ರು."

ಅವನು ನಕ್ಕ. ನಗು ಮುಗಿದ ಮೇಲೂ ಅವಳನ್ನೇ ನೋಡುತ್ತಿದ್ದ, ಕಿವಿಯ ಹಿಂದಿನ ಕೂದಲು, ಹುಬ್ಬಿನ ಪಕ್ಕದ ಮಚ್ಚೆ, ಅತ್ತು ಊದಿದ ರೆಪ್ಪೆ, ಒಂದೊಂದನ್ನೂ.

"ಮೊದಲನೇ ದಿನ ಮಷೀನಿಗೋಸ್ಕರ ಹೆಸರು ಬರೆಸಿದೆ. ಆದ್ರೆ ಸ್ವಲ್ಪ ದಿನಕ್ಕೆ, ದೀಪ ಕೆಂಪಾದ್ರೂ ಹಸಿರಾದ್ರೂ ಶುಕ್ರವಾರ ಬರದೆ ಇರೋಕೆ ಆಗ್ತಿರಲಿಲ್ಲ. ಇದನ್ನ ನಿಂಗೆ ಹೇಳ್ಬೇಕಿತ್ತು. ಆವತ್ತು ಬಾಯಿಗೆ ಬಂದಿದ್ದು ಹೇಳಿ ಹೋಗಿಬಿಟ್ಟೆ."

"ನೀನು ಹೇಳಿದ್ದು ಸುಳ್ಳಲ್ಲ. ಆ ತಾಯಿ, ಆ ಮಗು... ದಿನಾ ನೆನಪಾಗ್ತಾರೆ. ನನ್ನ ಕ್ಷಮಿಸ್ತೀಯಾ?"

"ನನ್ನ ಪಾಲಿಂದು ಯಾವಾಗ್ಲೋ ಕ್ಷಮಿಸಿ ಆಯ್ತು."

"ಹಾಗಾದ್ರೆ ಕರ್ಕೊಂಡು ಹೋಗು."

"ಇಲ್ಲ."

"ಅದನ್ನ ನಾನು ತೀರ್ಮಾನ ಮಾಡ್ಬೇಕು, ನೀನಲ್ಲ. ನಂಗೆ ಕಷ್ಟ ಆಗುತ್ತೆ ಅಂತ ನೀನ್ಯಾಕೆ—"

"ನಿನ್ನ ಕಷ್ಟಕ್ಕೆ ಹೆದರಿ ಹೇಳ್ತಿಲ್ಲ. ನನ್ನ ಕಷ್ಟಕ್ಕೆ." ಅವನು ಅವಳ ಕೈ ತೆಗೆದುಕೊಂಡ. ಅವನ ಬೆರಳುಗಳು ಸಣ್ಣಗೆ ಅದುರುತ್ತಿದ್ದವು. "ಈಗ ಆ ಗೇಟಿಂದ ನಾನು ನಡ್ಕೊಂಡು ಬಂದಿದ್ರೆ, ಹೋದ ಸಲಕ್ಕಿಂತ ಎಷ್ಟು ಕಮ್ಮಿಯಾಗಿದೆ ಅಂತ ನಿಂಗೆ ತಕ್ಷಣ ಗೊತ್ತಾಗ್ತಿತ್ತು. ಆಗಲ್ವಾ? ಅದಕ್ಕೇ ನಾನು ಮೊದ್ಲೇ ಬಂದು ಕೂತಿದ್ದೆ. ಅತ್ತಿಗೆಗೆ ಅದು ಕಾಣಲ್ಲ. ಅವರಿಗೆ ನಾನು ದಿನಾ ಒಂದೇ ಥರ. ನಿನ್ನ ಕಣ್ಣು ಅಂಥದ್ದಲ್ಲ. ಇವತ್ತು ಇಷ್ಟು ಹೋಯ್ತು, ಇವತ್ತು ಇಷ್ಟು ಹೋಯ್ತು ಅಂತ ನಿನ್ನ ಮುಖದಲ್ಲಿ ಓದ್ಕೊಂಡು ನಂಗೆ ಬದುಕೋಕಾಗಲ್ಲ. ನೀನು ಎಷ್ಟು ನಕ್ಕರೂ ನಂಗೆ ಕಾಣುತ್ತೆ."

ಅವಳ ಬಳಿ ಎಲ್ಲದಕ್ಕೂ ಉತ್ತರವಿತ್ತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಇದಕ್ಕಿರಲಿಲ್ಲ. ಏಕೆಂದರೆ ಅವನು ಬೆಂಚಿನಲ್ಲಿ ಕುಳಿತಿದ್ದ ರೀತಿಯಿಂದಲೇ, ಬಲಭುಜ ಇಳಿದದ್ದರ ಲೆಕ್ಕವನ್ನು ಅವಳ ಕಣ್ಣು ಆಗಲೇ ಹಾಕಿಬಿಟ್ಟಿತ್ತು.

ಗಾರ್ಡಿನ ಸೀಟಿ ಕೇಳಿತು. ಅವನು ಬೆಂಚಿನ ಬೆನ್ನು ಹಿಡಿದು ಎದ್ದು ನಿಂತ.

"ಒಂದು ಕೇಳ್ಲಾ? ನಾನು ಹೋಗೋವಾಗ ಆ ಕಡೆ ತಿರುಗಿ ನಿಲ್ತೀಯಾ?"

ಅವಳು ತಲೆಯಾಡಿಸಿದಳು. ಅವನು ಅವಳ ಹಣೆಗೆ ತುಟಿ ಒತ್ತಿದ. ಭುಜ ಹಿಡಿದು, ಎಳೆಯ ಮಕ್ಕಳನ್ನು ತಿರುಗಿಸಿದಂತೆ ಮೆಲ್ಲಗೆ ಅವಳನ್ನು ಗೋಡೆಯ ಕಡೆ ತಿರುಗಿಸಿದ. ಗೋಡೆಯಲ್ಲಿ ರೈಲುಗಳ ವೇಳಾಪಟ್ಟಿ ಇತ್ತು. ಅವಳು ಅಕ್ಷರ ಕಾಣದೆ ಅದನ್ನೇ ನೋಡಿದಳು.

ಹೆಜ್ಜೆ ಕೇಳಿಸಿತು. ಒಂದು ಸರಿಯಾಗಿ, ಒಂದು ನೆಲ ಸವರಿಕೊಂಡು. ತಿರುಗು ಎಂದು ಮೈಯ ಒಂದೊಂದು ನರವೂ ಅವಳನ್ನು ಎಳೆಯಿತು. ಅವಳು ಎರಡೂ ಕೈಗಳಿಂದ ಗೋಡೆ ಹಿಡಿದು ನಿಂತಳು. ಹೆಜ್ಜೆಯ ಸದ್ದಿನ ಮೇಲೆ ಬೇರೆ ಹೆಜ್ಜೆಗಳು ಬಂದವು, ಸೂಟ್‌ಕೇಸುಗಳ ಗಾಲಿ ಗಡಗಡಿಸಿತು, ಯಾರೋ ಯಾರನ್ನೋ ಕೂಗಿದರು. ಯಾವುದು ಅವನದು ಎಂದು ಅವಳಿಗೆ ತಿಳಿಯದಂತಾಯಿತು. ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ತಾಗಿ, ಎಲ್ಲ ಸದ್ದೂ ಒಂದೇ ಸದ್ದಾಗಿ ದೂರ ಸರಿಯಿತು.

ಚೀಲ ಹಿಡಿದು ಏದುಸಿರು ಬಿಡುತ್ತ ಓಡಿಬಂದ ಹೆಂಗಸೊಬ್ಬಳು ಅವಳ ತೋಳು ಮುಟ್ಟಿದಳು.

"ಟ್ರೇನು ಹೋಗ್ಬಿಡ್ತಾ ಅಮ್ಮಾ?"

"ಹೋಯ್ತು ಅನ್ಸುತ್ತೆ," ಎಂದಳು ಅವಳು, ಗೋಡೆಯಿಂದ ಮುಖ ತಿರುಗಿಸದೆ. "ನಾನು ನೋಡಲಿಲ್ಲ."